ಹಲ್ಲಿನ ಕಾಕಾ ಕಟ್ಟಿದ ವಿಮಾನ

ವೈಜನಾಥಪ್ಪನವರಿಗೆ ಮುಖಗಳು ನೆನಪಿರುತ್ತಿರಲಿಲ್ಲ, ಬಾಯಿಗಳು ನೆನಪಿರುತ್ತಿದ್ದವು. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಎದುರಿಗೆ ಬಂದು ಶರಣು ಮಾಡಿ ಆರಾಮವೇ ಎಂದು ಕೇಳಿದರೆ ಇವರು ಕಣ್ಣು ಕಿರಿದು ಮಾಡಿ ಸುಮ್ಮನೆ ನಿಂತುಬಿಡುತ್ತಿದ್ದರು. ಹೆಸರು ಹೇಳಿದರೂ ಇಲ್ಲ, ಊರು ಹೇಳಿದರೂ ಇಲ್ಲ. ಆ ಮನುಷ್ಯ ಪೇಚಿಗೆ ಬಿದ್ದು ಒಮ್ಮೆ ನಕ್ಕರೆ ಸಾಕು, ಇವರ ಮುಖ ಅರಳುತ್ತಿತ್ತು. "ಓಹೋ, ಕೊಹಿನೂರ ಊರಿನವರು, ಕೆಳಗಿನ ಹಲ್ಲಿನ ಸೆಟ್ಟು. ಎಡಗಡೆ ಜರಾ ಚುಚ್ಚತಿತ್ತಲ್ಲ, ಈಗ ಹ್ಯಾಂಗದ?" ಎನ್ನುತ್ತಿದ್ದರು. ನಡುರಸ್ತೆಯಲ್ಲಿ ತನ್ನ ಬಾಯಿಯೊಳಗಿನ ಗುಟ್ಟು ಬಯಲಾದ ಆ ಮನುಷ್ಯ ಅತ್ತ ಇತ್ತ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಅವರು ಹಲ್ಲಿನ ಸೆಟ್ಟು ಮಾಡುವವರು. ಹೈದರಾಬಾದಿನಲ್ಲಿ ಒಬ್ಬ ದಂತವೈದ್ಯರ ಕೈಕೆಳಗೆ ಒಂಬತ್ತು ವರ್ಷ ಪ್ಲಾಸ್ಟರ್ ಕಲಸಿ, ಮೇಣ ಕಾಯಿಸಿ ಕೆಲಸ ಕಲಿತಿದ್ದರು. 1956ರಲ್ಲಿ, ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಹುಮನಾಬಾದಿಗೆ ಬಂದು ಅಂಗಡಿ ತೆರೆದರಂತೆ. ಮೊದಲು ಬರೆಸಿದ್ದ ಉರ್ದು ಬೋರ್ಡಿನ ಪಕ್ಕದಲ್ಲಿ ಕನ್ನಡದ ಬೋರ್ಡು ಬರೆಯಲು ಬಂದ ಪೇಂಟರ್ 'ನಕಲಿ ಹಲ್ಲು' ಎಂದು ಬರೆದನಂತೆ. ಇವರು ಅಲ್ಲೇ ನಿಂತು ಸೀಮೆಎಣ್ಣೆ ಬಟ್ಟೆಯಿಂದ ಮೊದಲನೆಯ ಪದವನ್ನು ಒರೆಸಿ ತೆಗೆಸಿದರು. ತಾನು ಖರೇ ಖರೇ ಮಾಡಿದ ಹಲ್ಲು ನಕಲಿ ಹೇಗಾಗುತ್ತದೆ ಎಂಬುದು ಅವರ ತಕರಾರು. ಬೋರ್ಡಿನಲ್ಲಿ 'ಹಲ್ಲು' ಎಂಬ ಒಂದೇ ಪದ, ಒಂದು ಮೂಲೆಗೆ ಸರಿದು, ಕೊನೆಯವರೆಗೂ ಹಾಗೇ ಉಳಿಯಿತು. ಯಾರಾದರೂ ಡಾಕ್ಟರ್ ಎಂದು ಕರೆದರೆ ಮಾತ್ರ ಕೂಡಲೇ ತಿದ್ದುತ್ತಿದ್ದರು. "ಡಾಕ್ಟರ್ ಹಲ್ಲು ಕೀಳತಾರ್ರಿ, ನಾ ಹಚ್ಚತೀನಿ."

ಸೆಟ್ಟು ಹಾಕಿದ ಕೂಡಲೇ ಗಿರಾಕಿಗೆ ಕನ್ನಡಿ ಕೊಡುವುದು ಅವರ ಪದ್ಧತಿಯಲ್ಲಿ ಇರಲಿಲ್ಲ. ಮೊದಲು ಮಾತು, ಆಮೇಲೆ ರೊಟ್ಟಿ, ಕೊನೆಗೆ ಕನ್ನಡಿ. ಮಾತೆಂದರೆ "ಸಾಸವಿ, ಸಜ್ಜಿ, ಶೇಂಗಾ" ಎಂದು ಹತ್ತು ಸಲ ಹೇಳಿಸುವುದು. ಸಕಾರದಲ್ಲಿ ಸೀಟಿ ಹೊಡೆದರೆ ಹಲ್ಲು ಮತ್ತೆ ಬಿಚ್ಚಿ ಕಾನಸು ಎಂಬ ಸಣ್ಣ ಅರದಿಂದ ಉಜ್ಜುತ್ತಿದ್ದರು. ರೊಟ್ಟಿಯೆಂದರೆ ಅವರ ಹೆಂಡತಿ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದವರು, ಒಳಗಿನಿಂದ ಕೊಡುತ್ತಿದ್ದ, ಒಣಗಿ ಗಟ್ಟಿಯಾದ ಕಟಿ ರೊಟ್ಟಿಯ ತುಣುಕು. ಅದನ್ನು ಅಗಿದು ನುಂಗಿದ ಮೇಲೆ ಕನ್ನಡಿ ಕೈಗೆ. ನೋಡಲು ಚಂದ ಇದ್ದು ಜೋಳದ ರೊಟ್ಟಿ ತಿನ್ನಲಾಗದ ಹಲ್ಲನ್ನು ಗೋಡೆಗೆ ಮೊಳೆ ಹೊಡೆದು ನೇತು ಹಾಕಬೇಕು ಎನ್ನುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದೂ ಬಾಯಿಯ ಕಾರಣದಿಂದಲೇ. ಆಗ ನಾನು ಬಸವಕಲ್ಯಾಣದಲ್ಲಿ ವಿಜ್ಞಾನ ಕಲಿಸುವ ಹೊಸ ಶಿಕ್ಷಕಿ. ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಸೆರಗು ಬಾಯಿಗೆ ಹಿಡಿದು ಪಾಠ ಮಾಡಿದರೆ ಇಡೀ ತರಗತಿ ಕಿಸಕ್ಕೆನ್ನುತ್ತಿತ್ತು. ನಾಲ್ಕು ದಿನದಲ್ಲಿ ಶಾಲಾ ಇನ್‌ಸ್ಪೆಕ್ಟರ್ ಬರುವವರಿದ್ದರು. ಹುಮನಾಬಾದಿಗೆ ಹೋಗಿ ನಾಳೆಯೇ ಬೇಕೆಂದು ಕುಳಿತೆ. ವೈಜನಾಥಪ್ಪನವರು ಹಲ್ಲನ್ನು ಮೇಣದಲ್ಲಿ ಕೂಡಿಸಿ, ಇದನ್ನು ಹಾಕಿಕೊಂಡು ಒಂದು ತಾಸು ಕೂತು ಹೋಗಿ, ಮುಂದಿನ ವಾರ ಮತ್ತೆ ಬನ್ನಿ ಎಂದರು. ನಾನು ಜಗಳಕ್ಕೇ ನಿಂತೆ. ಅವರು ಶಾಂತವಾಗಿ ಹೇಳಿದ್ದು ಇಷ್ಟೇ: "ಮೇಣದಾಗ ನಿಲ್ಲಲಾರದ್ದು ಯಾವದರಾಗೂ ನಿಲ್ಲಂಗಿಲ್ರಿ ಅಕ್ಕೋರ." ಇನ್‌ಸ್ಪೆಕ್ಟರ್ ಬಂದ ದಿನವೂ ನಾನು ಸೆರಗು ಹಿಡಿದೇ ಪಾಠ ಮಾಡಿದೆ. ಆ ಸಿಟ್ಟು ಎರಡು ವರ್ಷ ಹೋಗಲಿಲ್ಲ. ಹಲ್ಲು ಇವತ್ತಿಗೂ ಹೋಗಿಲ್ಲ.

ಮುಂದೆ ನನಗೆ ಹುಮನಾಬಾದಿಗೆ ವರ್ಗವಾದಾಗ ನಾನೂ ನಮ್ಮವ್ವನೂ ಅವರ ಅಂಗಡಿಯ ಮೇಲಿನ ಎರಡು ಖೋಲಿಗಳಲ್ಲಿ ಬಾಡಿಗೆಗೆ ಬಂದೆವು. ಕೆಳಗೆ ಮುಂಭಾಗದಲ್ಲಿ ಅಂಗಡಿ, ಹಿಂದೆ ಅವರ ಮನೆ. ವೈಜನಾಥಪ್ಪನವರು ಅಂದಿನಿಂದ ನಮಗೆ ಕಾಕಾ ಆದರು. ಹಾಗೆ ಏಳೆಂಟು ವರ್ಷ ಒಂದೇ ಛಾವಣಿಯ ಕೆಳಗೆ ಕಳೆದೆವು. ನಾನು ಹೇಳಬೇಕೆಂದಿರುವುದು ಅದರ ಕೊನೆಯ ವರ್ಷದ ಸಂಗತಿ. ಐವತ್ತೆಂಟು ದಾಟಿದ ಆ ಮನುಷ್ಯ ಆಟಿಕೆಯಷ್ಟು ದೊಡ್ಡ ಒಂದು ವಿಮಾನ ಕಟ್ಟಲು ಕುಳಿತರು. ಆ ವಿಮಾನದ ಮೇಲೆ ತಮ್ಮ ಅಂಗಡಿಯನ್ನೇ ಪಣಕ್ಕೆ ಒಡ್ಡಿದರು.

ವಿಮಾನ ಅವರ ಕೈಗೆ ಬಂದದ್ದು ಹೀಗೆ. ನಮ್ಮ ಮಾಳಿಗೆಯ ಮೇಲೆ ಬೀದರದ ಕಡೆಯಿಂದ ವಾಯುಸೇನೆಯ ತರಬೇತಿ ವಿಮಾನಗಳು ಹಾರಿ ಬರುವುದು ದಿನವೂ ಇದ್ದದ್ದೇ. ಅಂಥ ವಿಮಾನಗಳ ದುರಸ್ತಿ ಮಾಡುವ ಪಂಜಾಬಿ ಸಾರ್ಜೆಂಟ್ ಒಬ್ಬ ಕಬ್ಬು ಸಿಗಿಯಲು ಹೋಗಿ ಹಲ್ಲು ಮುರಿದುಕೊಂಡು ಕಾಕಾನ ಹತ್ತಿರ ಬಂದಿದ್ದ. ಮೂರು ವಾರ ಓಡಾಡಿ, ಸಾಸಿವೆ ಸಜ್ಜೆ ಹೇಳಿ, ರೊಟ್ಟಿ ತಿಂದು, ಕನ್ನಡಿ ನೋಡಿಕೊಂಡು ಖುಷಿಪಟ್ಟ. ಬೇರೆ ಕಡೆ ವರ್ಗವಾದಾಗ ಹೇಳಿಹೋಗಲು ಬಂದವನು ಒಂದು ರಟ್ಟಿನ ಪೆಟ್ಟಿಗೆ ಬಿಟ್ಟುಹೋದ. ಒಳಗಿದ್ದದ್ದು ಬಿಡಿ ತುಂಡುಗಳನ್ನು ಕೂಡಿಸಿ ಕಟ್ಟಬೇಕಾದ ಪುಟ್ಟ ವಿಮಾನ, ಇಂಗ್ಲೆಂಡಿನಲ್ಲಿ ಯಾರೋ ಮನೆಯಲ್ಲೇ ಎರಕ ಹೊಯ್ದು ಮಾಡಿದ್ದಂತೆ. ಸ್ನೇಹಿತನೊಬ್ಬ ಕೊಟ್ಟದ್ದನ್ನು ಮೂರು ವರ್ಷದಿಂದ ಹೊತ್ತು ತಿರುಗಿದ್ದೇನೆ, ನನಗೆ ಈ ಜನ್ಮದಲ್ಲಿ ಇಷ್ಟು ತಾಳ್ಮೆ ಬರುವುದಿಲ್ಲ, ನಿಮ್ಮಂಥ ಕೈಯನ್ನು ನಾನು ಎಲ್ಲೂ ನೋಡಿಲ್ಲ ಎಂದು ಹಿಂದಿಯಲ್ಲಿ ಹೇಳಿ ಕಾಲು ಮುಟ್ಟಿ ಹೋದ.

ಪೆಟ್ಟಿಗೆಯಲ್ಲಿ ಕೆನೆಬಣ್ಣದ ಮೂವತ್ತು ಚಿಲ್ಲರೆ ತುಂಡುಗಳಿದ್ದವು. ಎರಡು ಹೋಳಾಗಿದ್ದ ಒಡಲು, ಎರಡು ರೆಕ್ಕೆ, ಬಾಲ, ಕಡಲೆಕಾಳಿನಷ್ಟು ಗಾಲಿ, ಸೂಜಿಯಂಥ ಕಡ್ಡಿಗಳು. ಪ್ರತಿಯೊಂದಕ್ಕೂ ಕತ್ತರಿಸಿ ತೆಗೆಯಬೇಕಾದ ಎರಕದ ಗಟ್ಟಿ ಹಾಗೇ ಅಂಟಿಕೊಂಡಿತ್ತು. ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಕಾಕಾಗೆ ಉರ್ದು ಬರುತ್ತಿತ್ತು, ಕನ್ನಡ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ನನಗೆ ಕರೆ ಬಂತು. ರೆಸಿನ್ ಎಂದರೆ ರಾಳ ಎಂದು ಹೇಳಿದೆ. ಅವರು ಒಂದು ತುಂಡನ್ನು ಮೂಸಿದರು, ಉಗುರಿನಿಂದ ಗೀಚಿದರು, ಕಿವಿಯ ಹತ್ತಿರ ಹಿಡಿದು ತಟ್ಟಿದರು. ಹಲ್ಲಿನ ವಸಡು ಮಾಡುವ ತಮ್ಮ ಮಸಾಲೆಗೆ ಇದು ದೂರದ ತಮ್ಮನಾಗಬೇಕು ಎಂದು ತೀರ್ಪು ಕೊಟ್ಟರು.

ಎರಡು ವಾರ ಅವರು ಏನನ್ನೂ ಮುಟ್ಟಲಿಲ್ಲ. ದಿನಾ ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಹಾಳೆಯ ನಾಲ್ಕು ಸಾಲು ಓದಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು, ನಿನ್ನೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸಬೇಕು. ಪುರಾಣ ಕೇಳಲು ಬಂದವರಿಗೂ ಅಷ್ಟು ಶ್ರದ್ಧೆ ಇರುವುದಿಲ್ಲ. ಕಾಕು ಬಾಗಿಲಲ್ಲಿ ನಿಂತು, ಇವರು ಇದರಲ್ಲಿ ಕೂತು ಎಲ್ಲಿಗೆ ಹೋಗುವವರು ಕೇಳು ಎಂದು ನನ್ನನ್ನು ಕೆಣಕುತ್ತಿದ್ದರು. ನನಗೂ ಇದು ಮುದುಕನ ಹೊಸ ಹುಚ್ಚು ಎಂದೇ ಅನ್ನಿಸಿತ್ತು. ಮದುವೆಯಾದಾಗಿನಿಂದ ಇಸ್ಪೀಟೂ ಆಡದ ಮನುಷ್ಯ, ಒಂದು ಹವ್ಯಾಸವಾದರೂ ಇರಲಿ ಎಂದುಕೊಂಡೆ.

ಮೂರನೆಯ ವಾರ ಎಡವಟ್ಟಾಯಿತು. ಎರಕದ ತುಂಡುಗಳ ಮೇಲೆ ಅಚ್ಚಿಗೆ ಸವರಿದ ಎಣ್ಣೆಯ ಜಿಡ್ಡು ಇರುತ್ತದೆ, ಸೋಪಿನ ನೀರಿನಲ್ಲಿ ತೊಳೆಯಬೇಕು ಎಂದು ಹಾಳೆಯಲ್ಲಿತ್ತು. ಆ ಸಾಲಿಗೆ ನಾನಿನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ಕಾಕಾ ಎಡ ರೆಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ. ಬೆರಳಿಗೆ ಜಿಡ್ಡು ಹತ್ತಿದೆ. ಅವರ ಕಸುಬಿನಲ್ಲಿ ಜಿಡ್ಡು ಹತ್ತುವ ಮಾಲು ಎಂದರೆ ಇನ್ನೂ ಬೇಯದ ಹಸಿ ಮಾಲು. ಹಲ್ಲಿನ ಸೆಟ್ಟನ್ನು ಪ್ಲಾಸ್ಟರಿನೊಳಗೆ ಬಿಗಿದು ಕುದಿಯುವ ನೀರಿನಲ್ಲಿ ಇಟ್ಟು ಬೇಯಿಸುತ್ತಾರೆ. ಅದೇ ಪ್ರಕಾರ, ಇಂಗ್ಲೆಂಡಿನವರು ಅವಸರದಲ್ಲಿ ಹಸಿಯಾಗಿಯೇ ಕಳಿಸಿದ್ದಾರೆ ಎಂದು ಮರುಗಿ, ರೆಕ್ಕೆಯನ್ನು ಡಬ್ಬಿಗೆ ಹಾಕಿ ಸ್ಟೋವಿನ ಮೇಲೆ ಇಟ್ಟು ಪೂರಾ ಒಂದು ತಾಸು ಕುದಿಸಿದರು. ನಾನು ಇಳಿದು ಬಂದಾಗ ಇಕ್ಕಳದ ತುದಿಯಲ್ಲಿ ರೆಕ್ಕೆ ಎಣ್ಣೆಯಿಂದ ತೆಗೆದ ಹಪ್ಪಳದ ಹಾಗೆ ಮುರುಟಿಕೊಂಡು ನಿಂತಿತ್ತು.

ನಾನು ಬಿದ್ದು ಬಿದ್ದು ನಕ್ಕೆ. ಮೂವತ್ತು ವರ್ಷದ ಕಸುಬುದಾರ ವಿಮಾನದ ರೆಕ್ಕೆಯ ಸಾರು ಮಾಡಿದರಲ್ಲ, ಒಗ್ಗರಣೆ ಕಾಕು ಹಾಕುತ್ತಾರಾ ಎಂದೆ. ನನ್ನ ಬಾಯಿಗೆ ಬೇಲಿ ಇರಲಿಲ್ಲ. ಕಾಕಾ ನಗಲಿಲ್ಲ. ಇಕ್ಕಳ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತರು. ಆಗ ಮೊದಲ ಸಲ ಅವರ ಬಲಗೈಯನ್ನು ನಾನು ನೋಡಿದ್ದು. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಕೈಯಲ್ಲಿ ಹೆಬ್ಬೆರಳು ತೋರುಬೆರಳನ್ನು ತಾನಾಗಿಯೇ ಉಜ್ಜುತ್ತಿತ್ತು, ಬೀಡಿ ಸುತ್ತುವವರ ಬೆರಳಿನಂತೆ. ನಾನು ನೋಡಿದ್ದನ್ನು ಅವರು ನೋಡಿದರು. ಎಡಗೈಯಿಂದ ಬಲಗೈಯನ್ನು ಮುಚ್ಚಿದರು.

ಬಾಗಿಲ ಕಡೆ ನೋಡಿ, ಕಾಕು ಹತ್ತಿರ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು ಹೇಳಿದರು. ಆರು ತಿಂಗಳಿಂದ ಹೀಗಿದೆಯಂತೆ. ಕೆಲಸಕ್ಕೆ ಕುಳಿತಾಗ ನಿಲ್ಲುತ್ತದೆ, ಬಿಟ್ಟಾಗ ಶುರುವಾಗುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರಂತೆ. ಆದರೆ ನಾರಾಯಣಪುರದ ಒಬ್ಬ ಮುದುಕಿಗೆ ಮಾಡಿಕೊಟ್ಟ ಸೆಟ್ಟು ಹದಿನೈದು ದಿನದಲ್ಲಿ ಮೂರು ಸಲ ತಿರುಗಿ ಬಂದಿತ್ತು. ವಸಡು ಕೆತ್ತಿ ಹುಣ್ಣಾಗಿತ್ತು. ಆ ಮುದುಕಿ ಒಂದು ಬಿರುಸು ಮಾತೂ ಆಡದೆ, ನನ್ನ ಬಾಯೇ ಸರಿಯಿಲ್ಲ ಯಪ್ಪಾ ಎಂದಿದ್ದಳಂತೆ. ಅದನ್ನು ಹೇಳಿ ಕಾಕಾ ಇಕ್ಕಳವನ್ನು ದೂರ ಸರಿಸಿದರು. "ಇಪ್ಪತ್ತೇಳು ವರ್ಷದಾಗ ಒಂದು ಬಾಯಿನೂ ಮೂರು ಸಲ ತಿರುಗಿ ಬಂದಿಲ್ರಿ. ಆ ಮುದುಕಿ ನನ್ನ ತಪ್ಪು ತನ್ನ ಮ್ಯಾಲ ಹಾಕೊಂಡು ಹೋದಳು."

ಆಮೇಲೆ ವಿಮಾನದ ಮಾತು ಬಂತು. ಇದು ಹುಚ್ಚೂ ಅಲ್ಲ, ಹವ್ಯಾಸವೂ ಅಲ್ಲ ಎಂದರು. ಹಲ್ಲಿನ ಮೇಲೆ ಕೈಯ ಪರೀಕ್ಷೆ ಮಾಡಿದರೆ ನೋವಾಗುವುದು ಇನ್ನೊಬ್ಬರ ಬಾಯಿಗೆ. ವಿಮಾನಕ್ಕೆ ವಸಡಿಲ್ಲ. "ಇದು ನನ್ನ ಕೈಲೆ ಬರೋಬ್ಬರಿ ಕೂಡಿದ್ರ ಅಂಗಡಿ ನಡಸತೀನಿ. ಇಲ್ಲಂದ್ರ ಬಾಗಲ ಹಾಕತೀನಿ. ನೀವು ಓದಿ ಹೇಳ್ರಿ, ಕೂತು ನೋಡ್ರಿ. ಕೈ ಮಾತ್ರ ಹಚ್ಚಬ್ಯಾಡ್ರಿ." ನಾನು ಒಪ್ಪಿದೆ. ಯಾರಿಗೂ ಹೇಳುವುದಿಲ್ಲ ಎಂದೂ ಮಾತು ಕೊಟ್ಟೆ. ನಕ್ಕಿದ್ದಕ್ಕೆ ಆ ದಿನವಿಡೀ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಮುರುಟಿದ ರೆಕ್ಕೆಯನ್ನು ಅವರು ಉಳಿಸಿದ ರೀತಿಯನ್ನು ಹೇಳದೆ ಹೋದರೆ ಅವರಿಗೆ ಅನ್ಯಾಯವಾಗುತ್ತದೆ. ಸರಿಯಾಗಿದ್ದ ಬಲ ರೆಕ್ಕೆಯನ್ನು ಎದುರಿಗಿಟ್ಟುಕೊಂಡು ಅದರ ಅಳತೆಗೆ ಪ್ಲಾಸ್ಟರಿನ ತಟ್ಟೆ ಮಾಡಿದರು. ಕುದಿಸಿ ಕೆಡಿಸಿದ್ದನ್ನು ಮತ್ತೆ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ತಟ್ಟೆಯ ಮೇಲೆ ಮಲಗಿಸಿ, ಮೇಲೊಂದು ಪ್ಲಾಸ್ಟರಿನ ಹಲಗೆ ಹೇರಿ ಎರಡು ದಿನ ಬಿಟ್ಟರು. ತೆಗೆದಾಗ ರೆಕ್ಕೆ ನೆಟ್ಟಗಾಗಿತ್ತು. ಎರಕದಲ್ಲಿ ಗುಳ್ಳೆ ಒಡೆದು ಬಿದ್ದ ಸಣ್ಣ ತೂತುಗಳಿಗೆ ತಮ್ಮ ವಸಡಿನ ಮಸಾಲೆಯನ್ನೇ ತುಂಬಿದರು. ಒಡಲಿನ ಎರಡು ಹೋಳು ಕೂಡಿಸಿದ್ದೂ ಅದರಿಂದಲೇ. ಹೀಗಾಗಿ ಕೆನೆಬಣ್ಣದ ವಿಮಾನದ ಮೈತುಂಬ ಗುಲಾಬಿ ತೇಪೆಗಳಾದವು. ರೆಕ್ಕೆ ಒಡಲಿಗೆ ಸೇರುವಲ್ಲಿ ಗಿರಾಕಿಗಳಿಂದ ಕಚ್ಚಿಸುವ ನೀಲಿ ಕಾಗದ ಇಟ್ಟು ಒತ್ತಿ, ನೀಲಿ ಹತ್ತಿದ ಉಬ್ಬನ್ನು ಮಾತ್ರ ಕಾನಸಿನಿಂದ ತೆಗೆಯುತ್ತಿದ್ದರು. ಎಲ್ಲವನ್ನೂ ಮೊದಲು ಮೇಣದಲ್ಲಿ ನಿಲ್ಲಿಸಿ ಮೂರು ದಿನ ನೋಡಿದ ಮೇಲೆಯೇ ಮಸಾಲೆ ಹಾಕುತ್ತಿದ್ದರು. ಪಾಲಿಶ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜುತ್ತಿದ್ದಾಗ ಅವರ ಕೈ ನಡುಗುತ್ತಿರಲಿಲ್ಲ. ನಾನು ಓದುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ. ಅಂಗಡಿ ಉಳಿಯುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಅಷ್ಟು ದಿನವೂ ಅವರು ಹೊಸ ಗಿರಾಕಿಗಳನ್ನು ತೆಗೆದುಕೊಳ್ಳಲಿಲ್ಲ. ಮಸಾಲೆ ಹೈದರಾಬಾದಿನಿಂದ ಬಂದಿಲ್ಲ ಎಂದು ನೆವ ಹೇಳಿ ಕಳಿಸುತ್ತಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ತಾರೀಕು ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಟ್ರಂಕಿಗೆ ಹಚ್ಚುವ ಬೆಳ್ಳಿ ಬಣ್ಣವನ್ನು ತೆಳ್ಳಗೆ ಎರಡು ಸಲ ಬಳಿದ ಮೇಲೆ ಗುಲಾಬಿ ತೇಪೆಗಳೆಲ್ಲ ಮುಚ್ಚಿಹೋಗಿ ಅದು ಖರೇ ವಿಮಾನವಾಯಿತು. ಉಳಿದದ್ದು ತುದಿಗೆ ಗಾಲಿ ಕೂಡಿಸಿಟ್ಟಿದ್ದ ಮುಂದಿನ ಎರಡು ಕಾಲು. ಕಾಲೆಂದರೆ ಬೆಂಕಿಕಡ್ಡಿಗಿಂತ ತೆಳುವಾದ ಕಡ್ಡಿ. ಎಷ್ಟು ಓರೆಯಲ್ಲಿ ನಿಲ್ಲಬೇಕು ಎಂದು ಹಾಳೆಯಲ್ಲಿ ಚಿತ್ರವಿತ್ತು. ಎಡಗಾಲನ್ನು ನಿಲ್ಲಿಸಲು ಆರು ದಿನ ಹಿಡಿಯಿತು. ಮಸಾಲೆ ಹಾಕಿ ಅದು ಗಟ್ಟಿಯಾದ ದಿನ ಕಾಕಾ ಎದ್ದು ಹೋಗಿ ಮುಖ ತೊಳೆದುಕೊಂಡು ವಿಭೂತಿ ಹಚ್ಚಿಕೊಂಡು ಬಂದರು. ಅರ್ಧ ಪಾಸಾಯಿತು ಎಂದು ನಾನು ಅಂದೆ. ಮಾಸ್ತರಿಕೆಯ ಮಾತು ನನ್ನ ನಾಲಿಗೆ ಬಿಡುತ್ತಿರಲಿಲ್ಲ.

ಬಲಗಾಲು ನಿಲ್ಲಲೊಲ್ಲದು. ಆ ವಾರ ನಾನು ಓದಿ ಹೇಳುವುದೇನೂ ಉಳಿದಿರಲಿಲ್ಲ, ಆದರೂ ಹೋಗಿ ಕೂರುತ್ತಿದ್ದೆ. ಮೇಣ ಕಾಯಿಸುವುದು, ಕಡ್ಡಿ ಹಿಡಿಯುವುದು, ಒಯ್ದು ಮುಟ್ಟಿಸುವ ಹೊತ್ತಿಗೆ ಕೈ ಜಿಗಿಯುವುದು, ಕಡ್ಡಿ ಬೀಳುವುದು. ಸಾಕೆನ್ನಿಸಿದಾಗ ಕಾಕಾ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ರಸ್ತೆ ನೋಡುತ್ತ ಕುಳಿತುಬಿಡುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ರವಿವಾರ ಕಾಕಾ-ಕಾಕು ಮೊಮ್ಮಗಳ ತೊಟ್ಟಿಲು ಕಾರ್ಯಕ್ಕೆ ಬಸವಕಲ್ಯಾಣಕ್ಕೆ ಹೋದರು. ಮಗಳನ್ನು ಅಲ್ಲಿಗೇ ಕೊಟ್ಟಿದ್ದರು. ಮಧ್ಯಾಹ್ನ ನಳ ಬಂದರೆ ನೀರು ತುಂಬಿಡಲು ಬೀಗದ ಕೈ ನನ್ನ ಹತ್ತಿರ ಇಟ್ಟಿದ್ದರು. ಕೊಡಪಾನಗಳು ತುಂಬಿದವು. ನಾನು ಹೊರಗೆ ಬರುವ ಬದಲು ಅಂಗಡಿಯ ಕಡೆ ತಿರುಗಿದೆ. ಮಸಾಲೆ ಕಲಸುವ ದಪ್ಪ ಗಾಜಿನ ಮೇಲೆ ವಿಮಾನ ಅಂಗಾತ ಮಲಗಿತ್ತು. ಒಂದು ಕಾಲು ಮೇಲಕ್ಕೆ ನಿಂತಿತ್ತು. ಇನ್ನೊಂದು ಕಾಲಿನ ಜಾಗದ ಸುತ್ತ ಮೇಣದ ಹನಿಗಳು ಹೆಪ್ಪುಗಟ್ಟಿದ್ದವು. ಎಣಿಸಿದೆ, ಹನ್ನೊಂದು ಇದ್ದವು.

ನಾನು ಬಹಳ ಯೋಚಿಸಲಿಲ್ಲ. ಸ್ಪಿರಿಟ್ ದೀಪ ಹಚ್ಚಿದೆ, ಹಾಳೆಯ ಚಿತ್ರವನ್ನು ಎದುರಿಗಿಟ್ಟುಕೊಂಡೆ, ಪ್ರಯೋಗಶಾಲೆಯ ಕೋನಮಾಪಕವನ್ನು ಮೇಲಿನಿಂದ ತಂದುಕೊಂಡೆ. ಬಲಗಾಲನ್ನು ಮೇಣದಲ್ಲಿ ನಿಲ್ಲಿಸಿ, ಮಸಾಲೆ ಹನಿಸಿ, ಉಸಿರು ಬಿಗಿಹಿಡಿದು ಕುಳಿತೆ. ಕಾಲು ನಿಂತಿತು. ನಾನು ಹಚ್ಚಿದ ಬಲಗಾಲನ್ನೇ ನೋಡುತ್ತಿದ್ದ ನನಗೆ ಅವರು ಹಚ್ಚಿದ ಎಡಗಾಲಿನ ಕಡೆ ಲಕ್ಷ್ಯವೇ ಇರಲಿಲ್ಲ. ಒಬ್ಬ ಮನುಷ್ಯನ ಅಂಗಡಿಯನ್ನು ಉಳಿಸಿದೆ ಎಂಬ ಹಿಗ್ಗಿನಲ್ಲಿ ಬೀಗ ಹಾಕಿಕೊಂಡು ಮೇಲೆ ಹೋದೆ. ಹೋಗುವ ಮೊದಲು ಹನ್ನೊಂದರಲ್ಲಿ ಕೆಲವು ಮೇಣದ ಹನಿಗಳನ್ನು ಅಲ್ಲೇ ಬಿಟ್ಟೆ, ಅವರೇ ಹಚ್ಚಿ ಮರೆತಿರಬೇಕು ಎಂದು ಅವರಿಗೆ ಅನ್ನಿಸಲಿ ಎಂದು. ಅಷ್ಟು ಜಾಣತನ ನನಗೆ.

ಮರುದಿನ ಬೆಳಿಗ್ಗೆ ನಾನು ಇಳಿದಾಗ ಕಾಕಾ ವಿಮಾನವನ್ನು ಗಾಜಿನ ಮೇಲೆ ಕಾಲೂರಿ ನಿಲ್ಲಿಸಿದ್ದರು. ಹಲ್ಲಿನ ಎತ್ತರ ನೋಡಲು ಬಳಸುವ ಕಟ್ಟಿಗೆಯ ಸಣ್ಣ ತುಂಡೊಂದು ಅವರ ಕೈಯಲ್ಲಿತ್ತು. ಅದನ್ನು ಬಲ ರೆಕ್ಕೆಯ ತುದಿಯ ಕೆಳಗೆ ಸರಿಸಿದರು, ಸಲೀಸಾಗಿ ಹೋಯಿತು. ಎಡ ರೆಕ್ಕೆಯ ಕೆಳಗೆ ಸರಿಸಿದರು, ತಡೆಯಿತು. ಮತ್ತೆ ಬಲ, ಮತ್ತೆ ಎಡ. ಬಹಳ ಹೊತ್ತಿನ ಮೇಲೆ ತುಂಡನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, "ಆತ್ರಿ ಅಕ್ಕೋರ. ಇಮಾನ ಮುಗೀತು" ಎಂದರು. ನಾನು ಓಡಿ ಹೋಗಿ ಅವ್ವನಿಗೆ ಶಿರಾ ಮಾಡಲು ಹೇಳಿದೆ. ಕಾಕಾ ಎರಡು ಸಲ ಹಾಕಿಸಿಕೊಂಡು ತಿಂದರು.

ಮುಂದಿನ ಸೋಮವಾರ ಅಂಗಡಿ ತೆರೆಯಲಿಲ್ಲ. ಮೇಣದಲ್ಲಿ ಅರ್ಧಕ್ಕಿದ್ದ ಮೂವರು ಗಿರಾಕಿಗಳನ್ನು ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಗುಲಬರ್ಗಾದ ಇನ್ನೊಬ್ಬ ಕಸುಬುದಾರನಿಗೆ ಒಪ್ಪಿಸಿ ಬಂದರು. ನಾರಾಯಣಪುರದ ಮುದುಕಿಯನ್ನೂ ಕರೆದೊಯ್ದು ಹೊಸ ಸೆಟ್ಟು ಮಾಡಿಸಿಕೊಟ್ಟರು. ಊರಿನವರು ಕೇಳಿದರೆ ಕಣ್ಣು ಕೆಟ್ಟಿದೆ ಎನ್ನುತ್ತಿದ್ದರು. ನನಗೂ ಅದನ್ನೇ ಹೇಳಿದರು. ವಿಮಾನ ನಿಂತಿತಲ್ಲ, ಮಾತು ಮಾತೇ ಅಲ್ಲವೇ ಎಂದು ನಾನು ವಾದಕ್ಕೆ ಇಳಿದೆ. ಸಾಕಾಗಿದೆ ಬಿಡಿ ಎಂದು ಅವರು ನಕ್ಕರು. ನನಗೆ ಸಿಟ್ಟು ಬಂತು. ಈ ಮನುಷ್ಯ ಮಾತಿಗೆ ತಪ್ಪಿದ ಎಂದು ಒಳಗೊಳಗೇ ಕುದಿದೆ. ಮಾತಿಗೆ ತಪ್ಪಿದವಳು ನಾನು ಎಂಬುದು ಆ ಸಿಟ್ಟಿನಲ್ಲಿ ನೆನಪಿಗೇ ಬರಲಿಲ್ಲ.

ಎರಡು ತಿಂಗಳಲ್ಲಿ ಮನೆ ಮಾರಿ ಅವರು ಬಸವಕಲ್ಯಾಣದಲ್ಲಿ ಮಗಳ ಮನೆಯ ಓಣಿಯಲ್ಲೇ ಮನೆ ಮಾಡಿದರು. ಹೋಗುವಾಗ ವಿಮಾನವನ್ನು ನನಗೆ ಕೊಟ್ಟರು. ಅದನ್ನು ನನ್ನ ಮೇಜಿನ ಮೇಲೆ ಇಟ್ಟ ದಿನವೇ ನನ್ನ ಕಣ್ಣಿಗೆ ಬಿತ್ತು. ಅದು ಎಡಕ್ಕೆ ವಾಲಿತ್ತು. ಬಹಳವೇನಲ್ಲ, ಒಂದು ಕಡಲೆಬೇಳೆಯಷ್ಟು. ಕೋನಮಾಪಕ ಹಿಡಿದು ನೋಡಿದೆ. ನಾನು ಹಚ್ಚಿದ್ದ ಬಲಗಾಲು ಸರಿಯಾಗಿತ್ತು. ಆರು ದಿನ ಹಿಡಿದು ಅವರು ಹಚ್ಚಿದ್ದ ಎಡಗಾಲು ಅಗಲಕ್ಕೆ ಜಾರಿತ್ತು. ಕಟ್ಟಿಗೆಯ ತುಂಡು ಎಡಗಡೆ ಯಾಕೆ ತಡೆಯಿತು ಎಂಬುದು ಆಗ ಹೊಳೆಯಿತು. ನಾನು ಕೈ ಹಚ್ಚದೆ ಇದ್ದಿದ್ದರೆ ಆ ಒಂಟಿ ಕಾಲಿಗೆ ಹೋಲಿಸಿ ನೋಡಲು ಇನ್ನೊಂದು ಕಾಲೇ ಇರುತ್ತಿರಲಿಲ್ಲ. ಅಂಗಡಿ ಉಳಿಸಲು ಹೋಗಿ ಅಂಗಡಿಗೆ ಬೀಗ ಜಡಿದವಳು ನಾನೇ. ಇದನ್ನು ಮೂರು ವರ್ಷ ಯಾರ ಮುಂದೆಯೂ ಹೇಳಲಿಲ್ಲ. ಬಸವಕಲ್ಯಾಣಕ್ಕೆ ಹೋಗುವ ಬಸ್ಸು ದಿನಕ್ಕೆ ಎಷ್ಟೋ ಇದ್ದವು, ನನಗೆ ಹತ್ತಲು ಮುಖವಿರಲಿಲ್ಲ.

ಕಾಕಾ ಹಾಸಿಗೆ ಹಿಡಿದಿದ್ದಾರೆ ಎಂದು ಯಾರೋ ಹೇಳಿದಾಗ ಹೋದೆ. ಅದೇ ಕೊನೆಯ ಭೇಟಿ. ಅದಾಗಿ ನಾಲ್ಕು ತಿಂಗಳಿಗೆ ತೀರಿಕೊಂಡರು. ಮಣ್ಣಿಗೆ ಹೋದಾಗ ಅಲ್ಲಿ ಸೇರಿದ್ದ ಮುದುಕರಲ್ಲಿ ಅರ್ಧ ಜನ ಅವರ ಹಲ್ಲುಗಳನ್ನೇ ಹಾಕಿಕೊಂಡು ಅಳುತ್ತಿದ್ದರು. ಆದರೆ ನಾನು ಹೇಳುತ್ತಿರುವುದು ಅದಕ್ಕೂ ಮೊದಲಿನ ಮಾತು. ಆ ಭೇಟಿಯ ದಿನ ಕಾಕಾನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಹಳ ಇಳಿದಿದ್ದರು. ಈಗ ಎರಡೂ ಕೈ ನಡುಗುತ್ತಿದ್ದವು, ಮುಚ್ಚಲು ಇನ್ನೊಂದು ಕೈ ಇರಲಿಲ್ಲ.

ನಾನು ಹೋದ ಕೂಡಲೇ ಹೇಳಿಬಿಟ್ಟೆ. ಬಲಗಾಲು ಹಚ್ಚಿದವಳು ನಾನು, ನೀವಿಲ್ಲದಾಗ, ಕದ್ದು. ಹೇಳುವಾಗ ಅತ್ತೆ. ಅವರು ಕೇಳಿಸಿಕೊಂಡು ತಲೆ ಆಡಿಸಿದರು.

"ಗೊತ್ತದ. ಬಾಗಲದಾಗ ನಿಂತು ನೋಡಿದ್ರೇ ಗೊತ್ತಾಗ್ತಿತ್ತು, ಅದು ನನ್ನ ಕೆಲಸ ಅಲ್ಲ ಅಂತ." ಉಸಿರು ತೆಗೆದುಕೊಂಡು ನಿಧಾನವಾಗಿ ಮುಂದುವರಿಸಿದರು. "ಎಡಗಾಲು ಬರೋಬ್ಬರಿ ನಿಂತದ ಅಂತ ನಾ ನಂಬಿದ್ದೆ. ನಿಮ್ಮ ಕಾಲು ಮಗ್ಗಲಿಗಿ ಬಂತು ನೋಡ್ರಿ, ಆವಾಗ ತಿಳೀತು. ಕೈ ನಡಗೋದು ನನಗ ಮೊದಲೇ ಗೊತ್ತಿತ್ತು. ಸೊಟ್ಟಂದು ನನ್ನ ಕಣ್ಣಿಗಿ ನೆಟ್ಟಗ ಕಾಣಾಕತ್ತದ ಅಂಬೋದು ಗೊತ್ತಿರಲಿಲ್ಲ."

ಊರಿಗೆಲ್ಲ ಅವರು ಹೇಳಿದ್ದ ಕಣ್ಣಿನ ನೆವ ನೆವವೇ ಆಗಿರಲಿಲ್ಲ. ಹಾಗಾದರೆ ನಾನು ಮಾಡಿದ್ದು ಒಳ್ಳೆಯದಾಯಿತೇ ಎಂದು ಆಸೆಯಿಂದ ಕೇಳಿದೆ. ಇನ್ನೊಬ್ಬ ಮುದುಕಿಯ ಬಾಯಿ ಉಳಿಯಿತು, ಅದು ಒಳ್ಳೆಯದೇ ಎಂದರು. ನನ್ನ ಎದೆ ಹಗುರಾಗುವಷ್ಟರಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಿದರು.

"ಕೇಳಲಾರದ ಹಚ್ಚಿದ್ರಲ್ಲ, ಅದು ತಪ್ಪೇ ಅಕ್ಕೋರ. ನನ್ನ ಕೈ ಹೋಗಿದ್ದು ನನಗಿಂತ ಮೊದಲ ನೀವು ತಿಳಕೊಂಡಂಗ ಆತು."

ಅವರ ದನಿಯಲ್ಲಿ ಕೋಪ ಇರಲಿಲ್ಲ, ಅದಕ್ಕೇ ಇನ್ನಷ್ಟು ನಾಟಿತು. ಅಷ್ಟರಲ್ಲಿ ಮಗಳು ಇಬ್ಬರಿಗೂ ಚಹಾ ತಂದಿಟ್ಟು, ಒಳಗೆ ಕಾಕು ಕರೆದರೆಂದು ಹೋದಳು. ಕಾಕಾ ಕಪ್ಪಿನ ಕೆಳಗಿನ ಬಸಿಯನ್ನು ಎರಡೂ ಕೈಯಲ್ಲಿ ಎತ್ತಿದರು. ಕಪ್ಪು ಬಸಿಯ ಮೇಲೆ ಕಟಕಟ ಎಂದು ಬಡಿಯತೊಡಗಿತು. ಚಹಾ ಅಂಗಿಯ ಮೇಲೆ ಚೆಲ್ಲಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ನಾನು ಹಿಂದಕ್ಕೆ ಎಳೆದುಕೊಂಡೆ. ಇನ್ನೊಂದಿಷ್ಟು ಚೆಲ್ಲಿತು. ನಾನು ಕೈಗಳನ್ನು ಮಡಿಲಲ್ಲಿ ಹಿಡಿದುಕೊಂಡೇ ಕುಳಿತೆ.

"ಹಿಡೀಲೇನ್ರಿ ಕಾಕಾ?"

ಅವರು ನನ್ನ ಮುಖ ನೋಡಿದರು. ಬಸಿಯನ್ನು ನನ್ನ ಕಡೆ ಸ್ವಲ್ಪ ಚಾಚಿದರು.

"ಹಿಡೀರಿ" ಎಂದರು.